ಮನೆಯಲ್ಲೇ ಕಟ್ಟುವ ವಿಮಾನದ ರೆಕ್ಕೆ ಜೋಡಿಸುವ ಫಿಟ್ಟಿಂಗ್‌ಗೆ ಮಾಮೂಲಿ ಕಬ್ಬಿಣದ ಪಟ್ಟಿ, ಅಂಗಡಿ ಬೋಲ್ಟ್ ಸಾಕಾಗಲ್ವಾ?

ಸಾಕಾಗುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಆಸರೆ ಕಂಬಿ ಇಲ್ಲದ ರೆಕ್ಕೆ ಒಂದು ಬದಿಯಲ್ಲಿ 1000 ಕೆ.ಜಿ. ಎತ್ತುತ್ತಿದೆ, ಆ ಬಲದ ಕೇಂದ್ರ ಬುಡದಿಂದ 2 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಸ್ಪಾರ್‌ನ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯ) ಮೇಲಿನ ಮತ್ತು ಕೆಳಗಿನ ಫಿಟ್ಟಿಂಗ್‌ಗಳ ನಡುವೆ ಇರುವುದು ಬರೀ 20 ಸೆಂ.ಮೀ. ಆಗ ಕೆಳಗಿನದನ್ನು 10 ಟನ್ ಬಲ ಎಳೆಯುತ್ತದೆ, ಮೇಲಿನದನ್ನು ಅಷ್ಟೇ ಬಲ ಒತ್ತುತ್ತದೆ. ಆದರೆ ಪೀಟೆನ್‌ಪೋಲ್ ಏರ್ ಕ್ಯಾಂಪರ್‌ನಂಥ, ರೆಕ್ಕೆಗೆ ಆಸರೆ ಕಂಬಿ ಇರುವ ವಿಮಾನಗಳಲ್ಲಿ ಕಂಬಿಗಳೇ ಹೆಚ್ಚಿನ ಭಾರ ಹೊರುತ್ತವೆ, ಬುಡದ ಫಿಟ್ಟಿಂಗ್‌ಗೆ ಕೆಲಸ ಕಡಿಮೆ.

ಇಂಥ ಬಲ ತಡೆಯಲೆಂದೇ ಫಿಟ್ಟಿಂಗ್‌ಗೆ 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ತಗಡು, ವಿಮಾನಕ್ಕೆಂದೇ ನಿಗದಿತ ಮಾನದಂಡದಲ್ಲಿ ಮಾಡಿದ ಎಎನ್ ಬೋಲ್ಟ್ ಬಳಸುತ್ತಾರೆ. ಅಂಗಡಿ ಬೋಲ್ಟ್‌ನ ಬಲ ಎಷ್ಟೆಂದು ಖಾತ್ರಿ ಇಲ್ಲ. ಅದರ ಮರೆ (ನಟ್ ತಿರುಗಿಸುವ ತಿರುಪಿನ ಗೆರೆ) ಎಷ್ಟೋ ಸಲ ತಲೆಯವರೆಗೂ ಇರುತ್ತದೆ. ಮರೆ ಇರುವ ಭಾಗ ತೂತಿನೊಳಗೆ ಭಾರ ಹೊರಬಾರದು.

ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದದ್ದು ತೂತಿಗೆ. ಮೊದಲು ಸ್ವಲ್ಪ ಚಿಕ್ಕದಾಗಿ ಕೊರೆದು, ಆಮೇಲೆ ರೀಮರ್‌ನಿಂದ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಸರಿಯಾದ ಅಳತೆಗೆ ತನ್ನಿ. ತೂತು ಸಡಿಲವಿದ್ದರೆ ಒಂದೇ ಬೋಲ್ಟ್ ಎಲ್ಲ ಭಾರ ಹೊರುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಬೋಲ್ಟ್ ದಪ್ಪದ ಎರಡರಷ್ಟು ಜಾಗ ಬಿಡಿ. ಮರದ ಸ್ಪಾರ್‌ನಲ್ಲಿ ಇನ್ನೂ ಜಾಸ್ತಿ ಬೇಕು, ಎಳೆಯ ಉದ್ದಕ್ಕೆ ಮರ ಬೇಗ ಸೀಳುತ್ತದೆ. ತಗಡಿನಡಿ ಪ್ಲೈವುಡ್ ಅಂಟಿಸಿದರೆ ಭಾರ ಹರಡುತ್ತದೆ. ಮರದ ತೂತುಗಳಿಗೆ ವಾರ್ನಿಷ್ ಹಚ್ಚಿ, ತೇವ ಒಳಗೆ ಹೋದರೆ ಬೋಲ್ಟ್ ತುಕ್ಕು ಹಿಡಿಯುವುದು ಹೊರಗೆ ಕಾಣುವುದೇ ಇಲ್ಲ.

ನಕ್ಷೆಯಲ್ಲಿ ಕೊಟ್ಟಿರುವ ತಗಡಿನ ದಪ್ಪವನ್ನು ವಿನ್ಯಾಸಕಾರರನ್ನು ಕೇಳದೆ ಬದಲಿಸಬೇಡಿ.