ಎರಡು ಅಂತ್ಯಗಳಲ್ಲಿ ಯಾವುದನ್ನು ತೋರಿಸಬೇಕು?

ನಮಸ್ಕಾರ. 1986ರ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಚಿತ್ರವನ್ನು ಬಾಗಲಕೋಟೆಯ ಗೆಳೆಯರಿಗೆ ತೋರಿಸುವಾಗ ಸುಖಾಂತ್ಯದ ಪ್ರತಿಯನ್ನು ಆರಿಸಬೇಕೋ ದುರಂತದ್ದನ್ನೋ, ನೋಡಿದವರ ಅಭಿಪ್ರಾಯ ಏಕೆ ಇಷ್ಟು ಭಿನ್ನವಾಗಿದೆ ಎಂದು ಕೇಳಿದ್ದೀರಿ. ದುರಂತದ ಪ್ರತಿಯನ್ನೇ ತೋರಿಸಿ ಎಂಬುದು ನನ್ನ ಖಚಿತವಾದ ಸಲಹೆ.

ನಿರ್ದೇಶಕ ಫ್ರಾಂಕ್ ಓಜ್ ಮೊದಲು ಚಿತ್ರೀಕರಿಸಿದ್ದು ಅದನ್ನೇ: ರಕ್ತ ಕುಡಿದು ಬೆಳೆಯುವ ಅನ್ಯಲೋಕದ ಗಿಡವು ನಾಯಕ, ನಾಯಕಿ ಇಬ್ಬರನ್ನೂ ನುಂಗುತ್ತದೆ, ಆಮೇಲೆ ಅಂಥ ಗಿಡಗಳು ನಗರವನ್ನೇ ಕೆಡವುತ್ತವೆ. ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನಗಳಲ್ಲಿ ಹಾಡುಗಳನ್ನು ಮೆಚ್ಚಿದ ಪ್ರೇಕ್ಷಕರು ಈ ಸಾವುಗಳನ್ನು ಒಪ್ಪಲಿಲ್ಲವಾದ್ದರಿಂದ ಅಂತ್ಯವನ್ನು ಹೊಸದಾಗಿ ಚಿತ್ರೀಕರಿಸಲಾಯಿತು. ಮೂಲ ಅಂತ್ಯವು ಪೂರ್ಣ ಬಣ್ಣದಲ್ಲಿ ಹೊರಬಂದದ್ದು 2012ರಲ್ಲಿ. ಈ ಚಿತ್ರಕ್ಕೆ ಆಧಾರವಾದ ಸಂಗೀತ ನಾಟಕದಲ್ಲಿ ಇದೇ ದುರಂತವನ್ನು ರಂಗಭೂಮಿಯ ಪ್ರೇಕ್ಷಕರು ಒಪ್ಪಿಕೊಂಡಿದ್ದರು. ನಮ್ಮ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಸತ್ತವನು ಕೊನೆಗೆ ಎದ್ದು ಬಂದು ಕೈಮುಗಿಯುವಂತೆ ಸಿನಿಮಾದಲ್ಲಿ ಸತ್ತವರು ಮರಳುವುದಿಲ್ಲ. ಓಜ್ ಅವರೂ ಕಾರಣವನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದ್ದಾರೆ. ಆದರೂ ಆಸೆಗೆ ಬಿದ್ದು ಗಿಡಕ್ಕೆ ಮನುಷ್ಯರನ್ನೇ ಉಣಿಸಿದ ನಾಯಕನು ಸುಖವಾಗಿ ಸಂಸಾರ ಹೂಡುವುದು ಕಥೆಗೆ ಒಗ್ಗುವುದಿಲ್ಲವೆಂದು ನಾನು ನಂಬುತ್ತೇನೆ.

ಗೆಳೆಯರಿಗೆ ಒಂದು ಮಾತು ಮೊದಲೇ ತಿಳಿಸಿರಿ. ಆ ಗಿಡ ಗ್ರಾಫಿಕ್ಸ್ ಅಲ್ಲ, ಹಲವರು ಸೇರಿ ಆಡಿಸಿದ ಬೊಂಬೆ. ಅದರ ದೊಡ್ಡ ತುಟಿಗಳು ಹಾಡಿನ ವೇಗಕ್ಕೆ ಹೊಂದದ ಕಾರಣ ಕ್ಯಾಮೆರಾವನ್ನು ನಿಧಾನವಾಗಿ ಓಡಿಸಿ, ಅಂದರೆ ಸೆಕೆಂಡಿಗೆ ಕಡಿಮೆ ಚಿತ್ರಗಳನ್ನು ತೆಗೆದು, ಎದುರಿಗಿದ್ದ ನಟ ರಿಕ್ ಮೊರಾನಿಸ್ ಅವರಿಂದಲೂ ನಿಧಾನವಾಗಿ ಅಭಿನಯ ಮಾಡಿಸಿದರು. ತೆರೆಯ ಮೇಲೆ ಎರಡೂ ಸಹಜ ವೇಗದಲ್ಲಿ ಕಾಣುತ್ತವೆ. ಗಿಡದ ಬಾಯಂಚನ್ನು ಗಮನಿಸಿ ನೋಡಿರಿ, ಒಂದಕ್ಷರವೂ ತಪ್ಪಿದಂತೆ ಅನಿಸುವುದಿಲ್ಲ.

ಚಿಕ್ಕ ಮಕ್ಕಳು ಬರುವುದಿದ್ದರೆ ಮಾತ್ರ ಸುಖಾಂತ್ಯದ ಪ್ರತಿಯನ್ನು ಹಾಕಿರಿ.