"ದೀಪ ಹಚ್ಚಲಾ, ಬೇಡ್ವಾ?"

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸತ್ಸಂಗ ಬಿಟ್ಟುಬಂದು ದಿಕ್ಕು ತೋಚದವರು ನನ್ನ ಹತ್ತಿರ ಸಲಹೆಗೆ ಮೇಲಿಂದ ಮೇಲೆ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶಿಡ್ಲಘಟ್ಟದ ಕಡೆಯ, ರೇಷ್ಮೆ ನೂಲು ತೆಗೆಯುವ ರೀಲರ್ ಮನೆಯ ಹೆಣ್ಣುಮಗಳು. 11 ವರ್ಷ ಒಂದು ಸತ್ಸಂಗದಲ್ಲಿದ್ದು ಹೊರಗೆ ಬಂದಿದ್ದರು. ಅಲ್ಲಿ ಎಲ್ಲಕ್ಕೂ ಗುರೂಜಿಯ ಅಪ್ಪಣೆ ಬೇಕಿತ್ತು. ಮಗ ಪಿಯುಸಿಯಲ್ಲಿ ಏನು ಓದಬೇಕು, ತವರಿನ ಮದುವೆಗೆ ಹೋಗಬಹುದಾ, ಸಾರಿಗೆ ಬೆಳ್ಳುಳ್ಳಿ ಹಾಕಬಹುದಾ. ಬಿಟ್ಟುಬಂದ ತಿಂಗಳಲ್ಲೇ ಮಗನಿಗೆ ಜ್ವರ. ಡಾಕ್ಟರು ಡೆಂಗಿ ಎಂದರು. ಇವರ ತಲೆಯಲ್ಲಿ ಮಾತ್ರ "ಬಿಟ್ಟುಹೋದವರ ಮನೆ ಉದ್ಧಾರ ಆಗಲ್ಲ" ಎಂದು ಅಲ್ಲಿ ಕೇಳಿದ್ದ ಮಾತೇ ಕೂತಿತ್ತು.

ಮೂರನೇ ಸಲ ಬಂದಾಗ ಕೇಳಿದರು: "ಮೇಡಂ, ಗುರುವಾರ ಸಂಜೆ ಆದ್ರೆ ಕೈಕಾಲು ನಡುಗುತ್ತೆ. ದೇವರ ಮುಂದೆ ದೀಪ ಹಚ್ಚಲಾ, ಬೇಡ್ವಾ? ನೀವು ಹೇಳಿದಂಗೆ ಮಾಡ್ತೀನಿ."

ನನಗೆ ದಿಗಿಲಾಯಿತು. ಗುರೂಜಿ ಕೂತಿದ್ದ ಜಾಗದಲ್ಲಿ ಈಗ ನನ್ನನ್ನು ಕೂರಿಸುತ್ತಿದ್ದರು. ಹಚ್ಚಿ ಎಂದರೂ ತಪ್ಪು, ಬೇಡ ಎಂದರೂ ತಪ್ಪು.

"ನಿಮಗೇನು ಅನ್ನಿಸುತ್ತೆ ಅಮ್ಮ?" ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. "ನನ್ನನ್ನ ಯಾರೂ ಹಂಗೆ ಕೇಳಿಲ್ಲ. ನನಗೇನು ಅನ್ನಿಸುತ್ತೆ ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಅತ್ತರು.

ಕೊಟ್ಟ ಸಲಹೆ ಸಣ್ಣದು. ದಿನಕ್ಕೊಂದು ವಿಷಯ ಯಾರನ್ನೂ ಕೇಳದೆ ತೀರ್ಮಾನ ಮಾಡಿ. ಯಾವ ಸೀರೆ, ಯಾವ ಸಾರು, ತಪ್ಪಾದರೂ ನಷ್ಟವಿಲ್ಲದಂಥದ್ದು. ಗುರುವಾರ ಸಂಜೆ ಒಬ್ಬರೇ ಇರಬೇಡಿ. ರಾತ್ರಿ ಭಯ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸತ್ಸಂಗಕ್ಕೆ ಕೊಟ್ಟ ಒಡವೆಯ ವಿಚಾರವೂ ಬಂತು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ತಾಲ್ಲೂಕು ಕೋರ್ಟಿನಲ್ಲಿ ವಿಚಾರಿಸಿ ಎಂದೆ. ಹೋಗಲೇಬೇಕು ಎನ್ನಲಿಲ್ಲ.

ಅವರ ಅಣ್ಣನಿಗೆ ನನ್ನ ಮೇಲೆ ಸಿಟ್ಟು. "ಅದೆಲ್ಲ ಮೋಸ, ದೇವರೂ ಬೇಡ ದಿಂಡರೂ ಬೇಡ ಅಂತ ಖಡಾಖಂಡಿತವಾಗಿ ಹೇಳಬೇಕಿತ್ತು" ಎಂದರು. ನಾನು ಹೇಳಲಿಲ್ಲ, ಮುಂದೆಯೂ ಹೇಳುವುದಿಲ್ಲ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಆ ತಾಯಿಗೂ ಕೊಟ್ಟಿದೆ. ದೇವರು ಬೇಕೋ ಬೇಡವೋ ಎಂದು ನಾನೋ ಅಣ್ಣನೋ ತೀರ್ಮಾನಿಸಿದರೆ ಅದೂ ಒಂದು ಅಪ್ಪಣೆಯೇ ಆಯಿತು, ಅಲ್ವಾ?

ಮನೆಯವರನ್ನು ಬೇಡಿಕೊಳ್ಳುತ್ತೇನೆ, "ಓದಿದವಳು ಹೀಗೆ ಮೋಸ ಹೋದೆಯಲ್ಲ" ಎಂದು ಚುಚ್ಚಬೇಡಿ. ಆ ತಾಯಿಯ ಗೆಳತಿಯರೆಲ್ಲ ಸತ್ಸಂಗದಲ್ಲೇ ಇದ್ದವರು. ಈಗ ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಹತ್ತಿರದವರು ಸತ್ತಾಗ ಆಗುವಂಥದ್ದೇ ದುಃಖ ಅದು. ಅಳಲು ಬಿಡಿ.

ಐದನೇ ಸಲ ಬಂದಾಗ, "ಬಸ್ಸಾರಿಗೆ ಬೆಳ್ಳುಳ್ಳಿ ಹಾಕಿದ್ದೆ ಮೇಡಂ" ಎಂದರು. ದೀಪದ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ.