ರಿಸಾರ್ಟ್ ಮೆಂಬರ್‌ಶಿಪ್: ಸಹಿ ಹಾಕುವ ಮೊದಲು ರಾತ್ರಿಯ ಲೆಕ್ಕ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದೇವೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಮಾಲ್‌ನಲ್ಲಿ ತುಂಬಿಕೊಟ್ಟ ಚೀಟಿಗೆ ಬಹುಮಾನ ಬಂದಿದೆ ಎಂದು ಹೋಟೆಲ್‌ಗೆ ಕರೆಸಿ, ಎರಡು ಗಂಟೆ ಕೂರಿಸಿಕೊಂಡು ಟೈಮ್‌ಶೇರ್ ಯೋಜನೆಯೊಂದನ್ನು (ಮೊದಲೇ ಹಣ ಕಟ್ಟಿ, ಪ್ರತಿ ವರ್ಷ ಇಂತಿಷ್ಟು ರಾತ್ರಿ ರಿಸಾರ್ಟ್‌ನಲ್ಲಿ ಉಳಿಯುವ ಸದಸ್ಯತ್ವ) ವಿವರಿಸಿದರು. ಜಿಎಸ್‌ಟಿ ಸೇರಿ 4,50,000 ರೂಪಾಯಿ, 25 ವರ್ಷ, ವರ್ಷಕ್ಕೆ 7 ರಾತ್ರಿ, ಬೇರೆ ಬೆಡ್‌ರೂಮ್ ಇಲ್ಲದ ಸ್ಟುಡಿಯೊ ಕೋಣೆ, ಬಿಳಿ ಸೀಸನ್. ವಾರ್ಷಿಕ ಶುಲ್ಕ 18,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಾತ್ರಿಗೆ ಬರೀ 2,571 ರೂಪಾಯಿ ಬೀಳುತ್ತದೆ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಅವರು ಹೇಳಿದ 2,571 ಹೇಗೆ ಬಂತು ನೋಡಿ. 25 ವರ್ಷಕ್ಕೆ 7 ರಾತ್ರಿಯಂತೆ 175 ರಾತ್ರಿ. ನಾಲ್ಕೂವರೆ ಲಕ್ಷವನ್ನು 175ರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ ವಾರ್ಷಿಕ ಶುಲ್ಕವನ್ನು ಅದರಲ್ಲಿ ಸೇರಿಸಿಯೇ ಇಲ್ಲ.

18,000ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 21,240. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 3,034. ಎರಡನ್ನೂ ಕೂಡಿದರೆ 5,605 ರೂಪಾಯಿ ಆಯಿತು. ಇನ್ನು, ಆ ನಾಲ್ಕೂವರೆ ಲಕ್ಷ ನಿಮ್ಮ ಕೈಯಲ್ಲೇ ಇದ್ದಿದ್ದರೆ ಬಡ್ಡಿ ತರುತ್ತಿತ್ತು. ಹೋಟೆಲ್ ಬಾಡಿಗೆಯೂ ವಾರ್ಷಿಕ ಶುಲ್ಕವೂ ವರ್ಷಕ್ಕೆ ಶೇ 5ರಂತೆ ಏರುತ್ತವೆ, ನಿಮ್ಮ ಠೇವಣಿಗೆ ಸುಮಾರು ಶೇ 7 ಸಿಗುತ್ತದೆ ಎಂದಿಟ್ಟುಕೊಂಡರೆ, ಇವತ್ತಿನ ಹಣದ ಲೆಕ್ಕದಲ್ಲಿ ರಾತ್ರಿಯ ನಿಜವಾದ ಖರ್ಚು ಸುಮಾರು 6,300 ರೂಪಾಯಿ. ಇದು ಏಳೂ ರಾತ್ರಿಯನ್ನು 25 ವರ್ಷವೂ ತಪ್ಪದೆ ಬಳಸಿದವರ ಲೆಕ್ಕ. ಮಕ್ಕಳ ಪರೀಕ್ಷೆ, ಮನೆಯಲ್ಲಿ ಹಿರಿಯರ ಆರೋಗ್ಯ, ರಜೆ ಸಿಗದ ವರ್ಷ, ಇವೆಲ್ಲ ಸೇರಿ ಸರಾಸರಿ ನಾಲ್ಕೇ ರಾತ್ರಿ ಬಳಸಿದರೆ ಒಂದು ರಾತ್ರಿಗೆ 11,000 ದಾಟುತ್ತದೆ. ಊಟ ತಿಂಡಿ ಇದರಲ್ಲಿ ಸೇರಿಲ್ಲ.

ಕಂತಿನಲ್ಲಿ ಕೊಳ್ಳುವುದಾದರೆ ಇನ್ನೂ ಒಂದು ಪದರ. ಶೇ 20 ಮೊದಲೇ ಕಟ್ಟಿ, ಉಳಿದ 3,60,000ವನ್ನು ಶೇ 15 ಬಡ್ಡಿಗೆ 48 ತಿಂಗಳ ಕಂತು ಮಾಡಿದರೆ ತಿಂಗಳಿಗೆ ಸುಮಾರು 10,020 ರೂಪಾಯಿ. ಒಟ್ಟು ಬಡ್ಡಿಯೇ 1,20,900ರಷ್ಟಾಗುತ್ತದೆ.

ಹಾಗಾದರೆ ಇದು ಯಾರಿಗೂ ಲಾಭವಿಲ್ಲವೇ? ಇದೆ. ಪ್ರತಿ ವರ್ಷ ತಪ್ಪದೆ ವಾರಗಟ್ಟಲೆ ಹೊರಡುವವರು, ಇಲ್ಲದಿದ್ದರೂ ಅದೇ ದರ್ಜೆಯ ರಿಸಾರ್ಟ್‌ಗೇ ಹಣ ಕೊಡುವವರು, ಶಾಲೆಯ ರಜೆಗೆ ಕಟ್ಟುಬೀಳದೆ ಜೂನ್‌ನಲ್ಲೋ ಫೆಬ್ರವರಿಯಲ್ಲೋ ಹೋಗಬಲ್ಲವರು, ರಾಜಸ್ಥಾನ, ಹಿಮಾಚಲ, ಗೋವಾದಂಥ ದೂರದ ಊರುಗಳಲ್ಲಿ ಉಳಿಯುವವರು ಇದರಿಂದ ಹಣ ಉಳಿಸಬಹುದು. ಕೊಂಡ ಬೆಲೆ ಅಲ್ಲಿಗೇ ನಿಂತಿರುತ್ತದೆ, ಹೋಟೆಲ್ ಬಾಡಿಗೆ ಏರುತ್ತಲೇ ಇರುತ್ತದೆ. ಇದು ನಿಜವಾದ ಅನುಕೂಲ. ಆದರೆ ವಾರ್ಷಿಕ ಶುಲ್ಕ ನಿಂತಲ್ಲೇ ನಿಲ್ಲುವುದಿಲ್ಲ. ಶೇ 5ರಂತೆ ಏರಿದರೂ 25ನೇ ವರ್ಷ ಕಟ್ಟಬೇಕಾದದ್ದು 68,500 ರೂಪಾಯಿ.

ನಿಮ್ಮ ವಿಷಯದಲ್ಲಿ ನನ್ನನ್ನು ತಡೆಯುವುದು ಬಣ್ಣ. ಹೆಚ್ಚಿನ ಯೋಜನೆಗಳು ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ಭಾಗ ಮಾಡುತ್ತವೆ. ಹೊಸ ವರ್ಷ, ಬೇಸಿಗೆ ರಜೆಯಂಥ ಬೇಡಿಕೆಯ ದಿನಗಳು ನೇರಳೆ, ಕೆಂಪಿನಂಥ ಮೇಲಿನ ದರ್ಜೆಯ ಬಣ್ಣಗಳಿಗೆ ಹೋಗುತ್ತವೆ. ನಿಮ್ಮ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ, ದಸರಾದಲ್ಲಿ, ಡಿಸೆಂಬರ್ ಕೊನೆಯಲ್ಲಿ. ಬಿಳಿ ಸೀಸನ್ ಕೊಂಡವರಿಗೆ ಬಹುಪಾಲು ಬಾಗಿಲು ಮುಚ್ಚಿರುವುದು ಆಗಲೇ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಅಗ್ಗದ ಬಣ್ಣ ಕೊಂಡರೆ ಹಣ ಕೊಟ್ಟೂ ಹೋಗಲಾಗದ ಸ್ಥಿತಿ ಬರುತ್ತದೆ. ಸೀಸನ್ ಕ್ಯಾಲೆಂಡರ್ ಪ್ರತಿ ರಿಸಾರ್ಟ್‌ಗೂ ಬೇರೆ ಇರುತ್ತದೆ. ಅದನ್ನು ಕೇಳಿ ಪಡೆದು, ಶಾಲೆಯ ರಜೆ ಪಟ್ಟಿಯ ಪಕ್ಕದಲ್ಲಿಟ್ಟು ಗುರುತು ಹಾಕಿ.

ಇನ್ನೊಂದು, ನೀವಿರುವ ಊರು. ಮಡಿಕೇರಿ, ಊಟಿ ಎರಡೂ ಮೈಸೂರಿನಿಂದ 120-125 ಕಿಲೋಮೀಟರ್ ಆಸುಪಾಸು. ವಯನಾಡೂ ದೂರವಲ್ಲ. ಶುಕ್ರವಾರ ಸಂಜೆ ಮನಸ್ಸು ಬಂದರೆ ಹೊರಟು, ಹೋಂಸ್ಟೇ ಹಿಡಿದು ಭಾನುವಾರ ಮನೆ ಸೇರುವ ಅನುಕೂಲ ನಿಮಗಿದೆ. ಮೆಂಬರ್‌ಶಿಪ್‌ನಲ್ಲಿ ವಾರಾಂತ್ಯದ ಕೋಣೆ ತಿಂಗಳುಗಳ ಮೊದಲೇ ಭರ್ತಿ. ಹತ್ತಿರದ ಊರುಗಳಿಗೇ ಹೋಗುವವರಾದರೆ ನೀವು ಮುಂಗಡ ಕೊಡುವುದು ಯಾತಕ್ಕೆ?

ಒಂದು ಪರೀಕ್ಷೆ ಮಾಡಿ. ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ಹೋಗಬಲ್ಲ ಮೂರು ದಿನಾಂಕ ಆರಿಸಿ. ಅದೇ ಕಂಪನಿಯ ರಿಸಾರ್ಟ್‌ನ ಕೋಣೆಗೆ ಬುಕಿಂಗ್ ತಾಣಗಳಲ್ಲಿ ಆ ದಿನದ ಬಾಡಿಗೆ ನೋಡಿ, ಎಷ್ಟೋ ರಿಸಾರ್ಟ್‌ಗಳು ಉಳಿದ ಕೋಣೆಯನ್ನು ಹೊರಗಿನವರಿಗೂ ಕೊಡುತ್ತವೆ. ತೆರಿಗೆ ಸೇರಿದ ಬಾಡಿಗೆ 6,300ಕ್ಕಿಂತ ಕಡಿಮೆ ಇದ್ದರೆ ಮೆಂಬರ್‌ಶಿಪ್ ಮುಟ್ಟಬೇಡಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ, ಅದೇ ದಿನಕ್ಕೆ ಸದಸ್ಯರಿಗೆ ಕೋಣೆ ಇದೆಯೇ ಎಂದು ಮಾರಾಟಗಾರರ ಫೋನಿನಲ್ಲೇ ತೋರಿಸಲು ಹೇಳಿ. "ಇವತ್ತು ಮಾತ್ರ ಈ ರೇಟು" ಎನ್ನುವವರಿಗೆ ನಾಳೆ ಬರುತ್ತೇನೆ ಎಂದು ಎದ್ದು ಬನ್ನಿ. ನಾಳೆಯೂ ಅದೇ ರೇಟಿಗೆ ಕೊಡುತ್ತಾರೆ.

ಪ್ರಶ್ನೆ: ಮಂಡ್ಯದವರು. ಆರು ವರ್ಷದಿಂದ ಸದಸ್ಯರಾಗಿದ್ದೇವೆ. ಸ್ಟುಡಿಯೊ, ಬಿಳಿ ಸೀಸನ್. ಒಂದು ವಾರವನ್ನು ವಿನಿಮಯಕ್ಕೆ ಇಟ್ಟು, ಮುಂದಿನ ಜೂನ್‌ನಲ್ಲಿ ಮಗ ಸೊಸೆಯ ಜೊತೆ ನಾಲ್ಕು ಜನ ಸ್ವಿಟ್ಜರ್ಲೆಂಡ್‌ಗೆ ಹೋಗುವ ಆಸೆ. ಕೋಣೆ ಉಚಿತ ಎಂದು ಮಾರುವಾಗ ಹೇಳಿದ್ದರು.

ಉತ್ತರ: ಉಚಿತ ಅಲ್ಲ, ಅದಲು ಬದಲು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆರ್‌ಸಿಐನಂಥ ವಿನಿಮಯ ಸಂಸ್ಥೆಗಳು ಮಾಡುವುದು ಇದನ್ನೇ. ಸದಸ್ಯರು ತಮ್ಮ ವಾರವನ್ನು ಅವರ ಕಣಜಕ್ಕೆ ಹಾಕುತ್ತಾರೆ, ಬೇರೆಯವರು ಹಾಕಿದ್ದರಲ್ಲಿ ಒಂದನ್ನು ತೆಗೆದುಕೊಳ್ಳುತ್ತಾರೆ. ಎಲ್ಲ ವಾರಕ್ಕೂ ಒಂದೇ ತೂಕವಿಲ್ಲ. ರಿಸಾರ್ಟ್‌ಗೆ ಎಷ್ಟು ಬೇಡಿಕೆ, ಯಾವ ಸೀಸನ್, ಎಷ್ಟು ಜನ ಮಲಗುವ ಕೋಣೆ, ಎಷ್ಟು ತಿಂಗಳು ಮುಂಚೆ ಇಟ್ಟಿರಿ, ಈ ನಾಲ್ಕರ ಮೇಲೆ ತೂಕ ನಿಲ್ಲುತ್ತದೆ.

ನಿಮ್ಮದು ಬಿಳಿ ಸೀಸನ್ನಿನ ಸ್ಟುಡಿಯೊ. ಕೇಳುತ್ತಿರುವುದು ಬೇಸಿಗೆಯ ಆಲ್ಪ್ಸ್, ಅದೂ ನಾಲ್ವರು ದೊಡ್ಡವರಿಗೆ ಎರಡು ಬೆಡ್‌ರೂಮ್. ತಕ್ಕಡಿ ಒಂದೇ ಕಡೆ ವಾಲುತ್ತದೆ. ಮಾಡಬಹುದಾದದ್ದು ಇಷ್ಟು. ವಾರವನ್ನು ಈಗಲೇ ಇಡಿ, ಪ್ರಯಾಣಕ್ಕೆ ಎರಡು ತಿಂಗಳಿರುವಾಗ ಇಟ್ಟ ವಾರಕ್ಕೆ ಬೆಲೆಯೇ ಇರುವುದಿಲ್ಲ. ಒಂದೇ ದೇಶಕ್ಕೆ ಅಂಟಿಕೊಳ್ಳದೆ ಆಸ್ಟ್ರಿಯಾ, ಉತ್ತರ ಇಟಲಿಯನ್ನೂ ಕೋರಿಕೆಯಲ್ಲಿ ಸೇರಿಸಿ. ಜೂನ್ ಬದಲು ಸೆಪ್ಟೆಂಬರ್ ಕೊನೆ ಆದೀತೇ ನೋಡಿ, ಅಲ್ಲಿನ ಶಾಲೆಗಳು ಶುರುವಾಗಿರುತ್ತವೆ, ಕೋಣೆ ಸಿಗುವ ಸಾಧ್ಯತೆ ಜಾಸ್ತಿ. ಎರಡು ವಾರ ಸೇರಿಸಿ ಒಂದು ದೊಡ್ಡ ಕೋಣೆ ಪಡೆಯುವ ಅವಕಾಶ ಕೆಲವು ಯೋಜನೆಗಳಲ್ಲಿದೆ, ನಿಮ್ಮದರಲ್ಲಿ ಇದೆಯೇ ಕೇಳಿ.

ಕೈಯಿಂದ ಹೋಗುವ ಹಣವನ್ನೂ ಬರೆದಿಟ್ಟುಕೊಳ್ಳಿ: ನಿಮ್ಮ ಕಂಪನಿಯ ವಾರ್ಷಿಕ ಶುಲ್ಕ, ವಿನಿಮಯ ಸಂಸ್ಥೆಯ ಸದಸ್ಯತ್ವ, ಪ್ರತಿ ವಿನಿಮಯಕ್ಕೂ ಬೇರೆ ಶುಲ್ಕ. ಅಲ್ಲಿ ಇಳಿದ ಮೇಲೆ ಪ್ರವಾಸಿ ತೆರಿಗೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಹಾಕುತ್ತಾರೆ, ಕೆಲವು ಕಡೆ ವಿದ್ಯುತ್ತಿಗೆ, ಹೊರಡುವ ದಿನದ ಸ್ವಚ್ಛತೆಗೆ ಬೇರೆ ಬಿಲ್. ಷೆಂಗೆನ್ ವೀಸಾ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ದೊಡ್ಡವರಿಗೆ ತಲಾ 90 ಯೂರೊ, ಜೊತೆಗೆ ಅರ್ಜಿ ಕೇಂದ್ರದ ಶುಲ್ಕ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ವಿನಿಮಯದ ದೃಢೀಕರಣ ಪತ್ರವೇ ವಸತಿಯ ಪುರಾವೆಯಾಗುವುದರಿಂದ ನಾಲ್ವರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಅದರಲ್ಲಿರಲಿ. ಬರೀ ಸದಸ್ಯರ ಹೆಸರು ಹಾಕಿಸಿಕೊಂಡು ವೀಸಾ ಅರ್ಜಿಯಲ್ಲಿ ತೊಂದರೆಗೆ ಸಿಕ್ಕುವವರಿದ್ದಾರೆ.

ಯುರೋಪಿನ ಇಂಥ ರಿಸಾರ್ಟ್‌ಗಳಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ವಾರ. ವಿಮಾನದ ಟಿಕೆಟ್ ಕೋಣೆ ಖಚಿತವಾದ ಮೇಲೆಯೇ ತೆಗೆಯಿರಿ. ಏಳು ರಾತ್ರಿ ಒಂದೇ ಊರಿನಲ್ಲಿ ಇರಬೇಕಾಗುತ್ತದೆ, ದಿನಕ್ಕೊಂದು ಊರು ನೋಡುವ ಆಸೆ ಇದ್ದರೆ ಇದು ಹೊಂದುವುದಿಲ್ಲ. ಒಂದು ಮಾತ್ರ ಮನಸಾರೆ ಹೇಳುತ್ತೇನೆ: ಅಡುಗೆಮನೆ ಇರುತ್ತದೆ. ಸಸ್ಯಾಹಾರಿಗಳಿಗೆ, ವಯಸ್ಸಾದವರಿಗೆ ಬೆಳಿಗ್ಗೆ ಒಂದು ಉಪ್ಪಿಟ್ಟು, ರಾತ್ರಿ ಅನ್ನ ಸಾರು ಸಿಕ್ಕರೆ ಆ ಪ್ರವಾಸದ ಸುಖವೇ ಬೇರೆ. ಹೊರಗಡೆ ನಾಲ್ವರ ಊಟಕ್ಕೆ ಆಗುವ ಖರ್ಚು ನೆನೆದರೆ ಉಳಿತಾಯವೂ ಸಣ್ಣದಲ್ಲ.

ಇಟ್ಟ ವಾರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅವಧಿಯೊಳಗೆ ಏನೂ ಹೊಂದದಿದ್ದರೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಇಡುವ ಮೊದಲು ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ತಿಂಗಳಿಗೆ ಏನು ಕಾಣುತ್ತದೆ ನೋಡಿ. ಬಿಕರಿಯಾಗದ ವಾರಗಳನ್ನು ವಿನಿಮಯ ಸಂಸ್ಥೆಗಳು ಸದಸ್ಯರಿಗೆ ಹಣಕ್ಕೂ ಕೊಡುತ್ತವೆ. ಎಷ್ಟೋ ಸಲ ಅದು ನಿಮ್ಮ ವಾರವನ್ನು ಕಳೆದುಕೊಳ್ಳುವುದಕ್ಕಿಂತ ಅಗ್ಗ.

ಪ್ರಶ್ನೆ: ನಾಲ್ಕು ದಿನದ ಹಿಂದೆ ಸಹಿ ಹಾಕಿ ಕ್ರೆಡಿಟ್ ಕಾರ್ಡ್‌ನಲ್ಲಿ 50,000 ಕಟ್ಟಿದೆ. ಈಗ ಬೇಡ ಅನಿಸುತ್ತಿದೆ. (ವಿಜಯನಗರ, ಮೈಸೂರು)

ಉತ್ತರ: ಈ ಉತ್ತರ ಓದಿದ ದಿನವೇ ಹೆಜ್ಜೆ ಇಡಿ. ಬಹಳಷ್ಟು ಒಪ್ಪಂದಗಳಲ್ಲಿ ಕಾರಣ ಹೇಳದೆ ರದ್ದು ಮಾಡಲು ಸುಮಾರು ಹತ್ತು ದಿನ ಕೊಟ್ಟಿರುತ್ತಾರೆ. ಕೆಲವು ಕಡೆ ಹಣ ಕಟ್ಟಿದ ದಿನದಿಂದ, ಕೆಲವು ಕಡೆ ಕಾಗದ ಕೈಸೇರಿದ ದಿನದಿಂದ ಎಣಿಕೆ. ನೀವು ಹಣ ಕಟ್ಟಿದ ದಿನದಿಂದಲೇ ಎಣಿಸಿ. ಮಾರಿದವರಿಗೆ ಫೋನ್ ಮಾಡಿ ಕಾಯಬೇಡಿ, "ಮ್ಯಾನೇಜರ್ ಹತ್ತಿರ ಮಾತಾಡಿ ಹೇಳ್ತೀನಿ ಸಾರ್" ಅನ್ನುವುದರಲ್ಲೇ ಹತ್ತು ದಿನ ಕಳೆದುಹೋಗುತ್ತದೆ. ಒಪ್ಪಂದದಲ್ಲಿರುವ ಇಮೇಲ್‌ಗೆ ಹೆಸರು, ಅರ್ಜಿ ಸಂಖ್ಯೆ, ಹಣ ಕಟ್ಟಿದ ದಿನ, "ಸದಸ್ಯತ್ವ ರದ್ದು ಮಾಡಿ ಪೂರ್ತಿ ಹಣ ವಾಪಸ್ ಕೊಡಿ" ಎಂಬ ಒಂದು ಸಾಲು ಬರೆದು ಕಳಿಸಿ. ಅದರ ಪ್ರತಿಗೆ ಸಹಿ ಹಾಕಿ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕಂತಿಗೆ ಸಾಲ ಮಾಡಿಸಿದ್ದರೆ ಸಾಲ ಕೊಟ್ಟ ಸಂಸ್ಥೆಗೂ ಬರೆಯಿರಿ. ಅದು ಬೇರೆಯೇ ಒಪ್ಪಂದ, ಮೆಂಬರ್‌ಶಿಪ್ ರದ್ದಾದರೆ ತಾನಾಗಿ ನಿಲ್ಲುವುದಿಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣದಿಂದ. ತೀರಿಹೋದ ನಮ್ಮ ತಂದೆ 2012ರಲ್ಲಿ ಕೊಂಡ ಟೈಮ್‌ಶೇರ್ ಇದೆ. ಮೂರು ವರ್ಷದ ಶುಲ್ಕ ಬಾಕಿ. ಈಗ ಯಾರೋ ಫೋನ್ ಮಾಡಿ, ಇದಕ್ಕೆ 6 ಲಕ್ಷ ಕೊಡುವ ಗಿರಾಕಿ ಇದ್ದಾರೆ, ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) 38,000 ಮೊದಲು ಕಳಿಸಿ ಎನ್ನುತ್ತಿದ್ದಾರೆ. ಇದು ಆಸ್ತಿಯೇ? ಮಾರಬಹುದೇ?

ಉತ್ತರ: 38,000 ಕಳಿಸಬೇಡಿ. ಇದು ವಂಚನೆಯ ಹಳೆಯ ದಾರಿ. ಮೊದಲು ಎನ್‌ಒಸಿ, ಆಮೇಲೆ ಜಿಎಸ್‌ಟಿ, ಆಮೇಲೆ ಟಿಡಿಎಸ್ ಎಂದು ಕೇಳುತ್ತಲೇ ಹೋಗುತ್ತಾರೆ, ಗಿರಾಕಿ ಬರುವುದೇ ಇಲ್ಲ. ಹಣ ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮಲ್ಲಿ ಮಾರುವ ಟೈಮ್‌ಶೇರ್ ಸಾಮಾನ್ಯವಾಗಿ ಬಳಸುವ ಹಕ್ಕು ಮಾತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರ ಇಲ್ಲ, ಖಾತೆ ಇಲ್ಲ, ಇದರ ಮೇಲೆ ಬ್ಯಾಂಕ್ ಸಾಲವೂ ಹುಟ್ಟುವುದಿಲ್ಲ. ಅವಧಿ 25 ವರ್ಷವಾದರೆ 2037ಕ್ಕೆ ಮುಗಿಯುತ್ತದೆ. ಉಳಿದ ವರ್ಷ ಕಡಿಮೆಯಾದಷ್ಟೂ ಕೊಳ್ಳುವವರು ಕಡಿಮೆ, ವರ್ಗಾವಣೆಗೂ ಕಂಪನಿ ಶುಲ್ಕ ಕೇಳುತ್ತದೆ. ಆರು ಲಕ್ಷದ ಮಾತನ್ನು ನಂಬಬೇಡಿ.

ಕಂಪನಿಗೆ ಮರಣ ಪತ್ರದ ಪ್ರತಿ ಕಳಿಸಿ, ನಾಮಿನಿ ಯಾರು, ಬಾಕಿ ಎಷ್ಟು, ಬಳಸದ ರಾತ್ರಿಗಳು ಎಷ್ಟು ಉಳಿದಿವೆ, ಹೆಸರು ಬದಲಾವಣೆಗೆ ಎಷ್ಟು ಎಂದು ಲಿಖಿತವಾಗಿ ಕೇಳಿ. ಉತ್ತರ ಬರುವ ತನಕ ಯಾವ ವರ್ಗಾವಣೆ ಫಾರಂಗೂ ಸಹಿ ಬೇಡ, ಸಹಿ ಹಾಕಿದ ಮೇಲೆ ಮುಂದಿನ ಶುಲ್ಕ ನಿಮ್ಮ ಹೆಸರಿಗೆ ಬರುತ್ತದೆ. ತಂದೆಯ ಬಾಕಿಗೆ ನೀವು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಬಾಕಿ ಕಟ್ಟಿದರೆ ಕೂಡಿಟ್ಟ ರಾತ್ರಿಗಳು ಮತ್ತೆ ಸಿಗುತ್ತವೆ ಎಂದಾದರೆ, ಬಾಕಿಯನ್ನು ಆ ರಾತ್ರಿಗಳಿಂದ ಭಾಗಿಸಿ ನೋಡಿ. ರಾತ್ರಿಗೆ ಮೂರು ಸಾವಿರದೊಳಗೆ ಬಂದು, ಹೋಗುವವರು ಮನೆಯಲ್ಲಿದ್ದರೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಬಿಟ್ಟುಕೊಡುತ್ತೇವೆ ಎಂದು ಬರೆದು ಒಪ್ಪಿಗೆ ಪತ್ರ ಪಡೆಯಿರಿ.

ಕಂಪನಿ ಉತ್ತರಿಸದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗ. ಒಪ್ಪಂದದಲ್ಲಿ ಬೇರೆ ಊರಿನ ನ್ಯಾಯಾಲಯದ ಹೆಸರಿದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯವನ್ನು ಕೋರ್ಟಿನ ಹೊರಗೆ ಮಧ್ಯಸ್ಥರೇ ತೀರ್ಮಾನಿಸಬೇಕು ಎಂಬ ಷರತ್ತು ಇದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಗ್ರಾಹಕರ ಆಯೋಗಗಳ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೂ ಹಾಕಬಹುದು. ಒಪ್ಪಂದ, ಹಣ ಕಟ್ಟಿದ ರಸೀದಿಗಳು, ಕೋಣೆ ಇಲ್ಲ ಎಂದ ಇಮೇಲ್ ಅಥವಾ ಸ್ಕ್ರೀನ್‌ಶಾಟ್, ತಂದೆ ಗುರುತು ಹಾಕಿಟ್ಟ ಹಳೆಯ ಬ್ರೋಷರ್ ಸಿಕ್ಕರೆ ಅದು ಕೂಡ, ದಿನಾಂಕದ ಸಾಲಿನಲ್ಲಿ ಜೋಡಿಸಿ ಇಟ್ಟುಕೊಳ್ಳಿ.